ಬೆಣ್ಣೆಯಂಥ ಗರಗಸ

ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ಇಂಗ್ಲಿಷ್ ಹೇಳಿಕೊಡುವ ಅತ್ತೆಗೆ ಅಲ್ಲಿ ಕಲಿಯುವವರು ಇಟ್ಟಿದ್ದ ಹೆಸರು ಗರಗಸ. ಹೆಸರಿನಲ್ಲಿ ಮೋಸವಿರಲಿಲ್ಲ. "ರನ್ನಿಂಗ್ ಟು ದ ಆಫೀಸ್, ದ ಬಸ್ ವಾಸ್ ಮಿಸ್ಡ್" ಎಂದು ಬರೆದವನನ್ನು ಎಬ್ಬಿಸಿ ನಿಲ್ಲಿಸಿ, "ಆಫೀಸಿಗೆ ಓಡಿದ್ದು ನೀನೋ, ಬಸ್ಸೋ? ಓಡಿದೋರ ಹೆಸರು ಪಕ್ಕದಲ್ಲೇ ಇರ್ಬೇಕು!" ಎಂದು ಮಾನ ಕಳೆಯುತ್ತಿದ್ದಳು. ಯಾರಾದರೂ "ಕುಕಿಂಗ್, ಸಿಂಗಿಂಗ್ ಅಂಡ್ ಟು ಸ್ಟಿಚ್" ಎಂದರೋ, ಹಾಳೆ ತುಂಬ ಕೆಂಪು. "ಒಂದೇ ಸಾಲಲ್ಲಿ ನಿಂತೋರು ಒಂದೇ ಥರ ನಿಲ್ಬೇಕು ಅಂತ ಎಷ್ಟು ಸಲ ಬಡ್ಕೊಳ್ಳಲಿ?"

ಇಂಥ ಗರಗಸ ಮನೆಯಲ್ಲಿ ಸೊಸೆಯ ಹಾಳೆ ಕಂಡರೆ ಮಾತ್ರ ಬೆಣ್ಣೆಯಾಗುತ್ತಿತ್ತು. ಸೊಸೆ ಗೋದಾಮೊಂದರ ಗುಮಾಸ್ತೆ. ಇಂಗ್ಲಿಷ್ ಬರವಣಿಗೆಯ ಪರೀಕ್ಷೆ ದಾಟಿದರೆ ಬೇರೆ ಊರಿನಲ್ಲಿ ಮೇಲಿನ ಹುದ್ದೆ, ಗಂಡನ ಜೊತೆ ಬೇರೆ ಮನೆ. ಬರೆದು ತೋರಿಸಿದ್ದಕ್ಕೆಲ್ಲ ಅತ್ತೆ "ಚೆನ್ನಾಗಿದೆ, ಹೋಗು" ಎನ್ನುತ್ತಿದ್ದಳು. ಸೊಸೆ ಹಿರಿಹಿರಿ ಹಿಗ್ಗಿ ಪರೀಕ್ಷೆಗೆ ಹೋಗಿ ಮಕಾಡೆ ಬಿದ್ದಳು.

"ನಿನ್ನ ಹಣೇಲಿ ಬರೆದಿಲ್ಲ ಬಿಡು" ಎಂದಳು ಅತ್ತೆ. ಆ ದನಿಯಲ್ಲಿದ್ದ ನೆಮ್ಮದಿ ಸೊಸೆಯನ್ನು ಚುಚ್ಚಿತು. ಅತ್ತೆ ಮೆಚ್ಚಿದ್ದ ಹಾಳೆಯೊಂದನ್ನು, ಅತ್ತೆಯ ಪಾಠಕ್ಕೆ ಹೋಗುತ್ತಿದ್ದ ಹೊಲಿಗೆ ಕೆಲಸದ ಗೆಳತಿಯ ಕೈಯಲ್ಲಿ ನಕಲು ಮಾಡಿಸಿ, ಅವಳದೇ ಎಂಬಂತೆ ಅತ್ತೆಗೆ ಕೊಡಿಸಿದಳು. ಹಾಳೆ ರಕ್ತ ಕಾರಿಕೊಂಡು ವಾಪಸು ಬಂತು.

ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಮುದುಕಿಯ ಜುಟ್ಟು ಹಿಡಿದು ಎಳೆಯಬೇಕೆನ್ನಿಸಿತು. ಎಳೆದರೆ ಕಲಿಸುವವರು ಇನ್ಯಾರು? ಹಲ್ಲು ಕಚ್ಚಿ ಅಂದಿನಿಂದ ಎರಡೆರಡು ಹಾಳೆ ಬರೆದಳು. ಮನೆಯಲ್ಲಿ ತೋರಿಸಲು ತಪ್ಪುಗಳದ್ದು, ಗೆಳತಿ ನಕಲು ಮಾಡಿ ಕೊಡಲು ನಿಜವಾದದ್ದು. ಬರಬರುತ್ತ ಗೆಳತಿಯ ಹಾಳೆಯಲ್ಲಿ ಕೆಂಪು ಇಳಿಯಿತು. ಸೊಸೆ ಅತ್ತೆಗೆ ಹೇಳದೆ ಮತ್ತೊಮ್ಮೆ ಪರೀಕ್ಷೆ ಬರೆದಳು.

ಒಂದು ಭಾನುವಾರ ಊಟಕ್ಕೆ ಕೂತಾಗ ಅತ್ತೆ ಮಗನ ಎದುರೇ ಹಂಗಿಸಿದಳು. "ಆ ಹೊಲಿಗೆಯವಳನ್ನ ನೋಡಿ ಕಲಿ. ಈಗ ಒಂದು ಪದ ಆಚೀಚೆ ಆಗಲ್ಲ. ನನ್ನ ಹತ್ರ ಕಲಿತೋರಲ್ಲಿ ಅವಳೇ ಮೇಲು. ನಿನಗೆ ಏಳು ಜನ್ಮ ಎತ್ತಿದ್ರೂ ಬರಲ್ಲ."

"ಅದನ್ನೆಲ್ಲ ಬರೆದೋಳು ನಾನೇ ಅತ್ತೆ. ಅವಳು ನಕಲು ಮಾಡಿ ಕೊಟ್ಟಳು, ಅಷ್ಟೆ. ಪಾಸಾಗಿದೀನಿ. ಮುಂದಿನ ವಾರ ಹೊರಡ್ತೀವಿ."

ಅತ್ತೆ ಮಗನ ಮುಖ ನೋಡಿದಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಹಾಗಾದ್ರೆ ನನ್ನ ಮಗನ್ನ ನಾನೇ ಕಳಿಸ್ಕೊಟ್ಟೆನೇನೇ?"

"ಹೂಂ" ಎಂದಳು ಸೊಸೆ, "ತಿದ್ದಿ ತಿದ್ದಿ ಕಳಿಸ್ಕೊಟ್ರಿ."