ಕೊಟ್ರಮ್ಮಕ್ಕನ ಎರಡು ಬೆರಳು

ಕೊಟ್ರಮ್ಮಕ್ಕ ಮಲ್ಲಿಗೆ ಮೊಗ್ಗನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ. ಹೆಬ್ಬೆರಳು ತೋರುಬೆರಳ ನಡುವೆ ಒಮ್ಮೆ ಹೊರಳಿಸುವಳು, ಅಷ್ಟೇ. ಕಣ್ಣು ರಸ್ತೆಯ ಮೇಲೆ, ಬಾಯಿ ಯಾರನ್ನೋ ಬೈಯುವುದರಲ್ಲಿ. "ಇದು ನಾಕಕ್ಕ ಬಿರೀತೈತಿ, ಇಲ್ಲೇ ಹಡಗಲ್ಯಾಗ ಮಾರು. ಇದು ಸಂಜಿತನ ಬಾಯಿ ಬಿಡಂಗಿಲ್ಲ, ದಾವಣಗೆರಿ ಬುಟ್ಟಿಗೆ ಹಾಕು." ಮೊಗ್ಗು ಆಕೆಯ ಮಾತು ಮೀರಿದ್ದನ್ನು ನಾನು ಕಂಡಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ಹೂವಿನಹಡಗಲಿಯಿಂದ ಮುಂಜಾನೆ ಹೊರಡುವ ಬಸ್ಸುಗಳ ತಲೆಯ ಮೇಲೆಲ್ಲ ಆಕೆಯ ಬುಟ್ಟಿಗಳೇ. ಸೊಂಟದ ಮೇಲೊಂದು ಬುಟ್ಟಿ ಇಟ್ಟುಕೊಂಡು ಸಂತೆಯಲ್ಲಿ ಮಾರುತ್ತಿದ್ದವಳು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ಮದುವೆಗಳನ್ನೆಲ್ಲ ಕೈಗೆ ತೆಗೆದುಕೊಂಡಿದ್ದಳು. ಅವಳ ಪಡಸಾಲೆಯಲ್ಲಿ ಮಾಲೆ ಕಟ್ಟಿ ನಾವು ಹನ್ನೆರಡು ಹೆಂಗಸರು ಸಂಸಾರ ತೂಗಿಸುತ್ತಿದ್ದೆವು. ನನ್ನ ಗಂಡ ತೀರಿಕೊಂಡ ತಿಂಗಳೊಪ್ಪತ್ತಿನಲ್ಲೇ ಮನೆಗೆ ಬಂದು, "ಅಳಾದು ಮನ್ಯಾಗ ಅಳು ಗಂಗಿ. ನಾಳಿಂದ ಬಂದು ಬುಟ್ಟಿ ತುಂಬು" ಅಂದಿದ್ದಳು. ಎಂಥಾ ಗಟ್ಟಿಗಿತ್ತಿ ಅಂತೀರಿ!

ಒಮ್ಮೆ ಕೂಡ್ಲಿಗಿ ಬಸ್ಸು ಹಾದಿಯಲ್ಲಿ ಕೆಟ್ಟು ನಿಂತಿತು. ಬೇರೆಯವರಾಗಿದ್ದರೆ ಬಸ್ಸಿಗೆ ಶಾಪ ಹಾಕುತ್ತ ಕೂರುತ್ತಿದ್ದರು. ಆಕೆ ಬುಟ್ಟಿಯನ್ನು ಅಲ್ಲೇ ಬಿಟ್ಟು, ತುಂಬಿ ಬಂದ ಲಾರಿಯೊಂದರಲ್ಲಿ ತನಗಷ್ಟೇ ಜಾಗ ಮಾಡಿಸಿಕೊಂಡು ಮದುವೆ ಮನೆಗೆ ಹೋಗಿ, ಬೀಗರ ಎದುರೇ ಹೇಳಿದಳಂತೆ: "ನನ್ನ ಹೂವು ಹೊತ್ತಿಗೆ ಬರಾದಿಲ್ರಿ. ಬರ್ರಿ, ಬ್ಯಾರೆ ಕಡಿ ಹುಡುಕೋಣು." ಊರೆಲ್ಲ ಅಲೆದು ಕನಕಾಂಬರ ಹೊಂದಿಸಿ ಕೊಟ್ಟೇ ಬಂದಳು.

"ಅಷ್ಟು ಮಂದಿ ಮುಂದ ಮರ್ಯಾದಿ ಕಳಕೊಂಡ್ರಲ್ಲ ಅಕ್ಕಾ" ಅಂದೆ ನಾನು.

"ಹುಚ್ಚಿ, ಕೆಟ್ಟ ಸುದ್ದಿ ಹೂವಿಗಿಂತ ಮದ್ಲ ಮುಟ್ಟಬೇಕು. ವ್ಯಾಪಾರ ಅಂದ್ರ ಅದಾ."

ಆ ಮನೆಯವರು ಮುಂದಿನ ಮದುವೆಗಳಿಗೂ ಆಕೆಗೇ ಹೇಳಿಕಳಿಸಿದರು. ವ್ಯಾಪಾರದ ಗುಟ್ಟು ನನಗೆ ಗೊತ್ತಾಗಿಬಿಟ್ಟಿತು ಅಂತ ನಾನೂ ಬೀಗಿದೆ.

ಆಕೆಗೆ ಸಕ್ಕರೆ ಕಾಯಿಲೆ ಇತ್ತು. ಎಂಬತ್ತರ ದಶಕದ ಒಂದು ಶಿವರಾತ್ರಿಯ ಮರುದಿನ, ಇನ್ನೇನು ಅರಳಲಿದ್ದ ಮೊಗ್ಗುಗಳನ್ನು ದಾವಣಗೆರೆ ಬುಟ್ಟಿಗೆ ಹಾಕಿಸಿದಳು. ನನ್ನ ಕಣ್ಣಿಗೇ ಕಾಣುವಂಥ ತಪ್ಪು. ಬಾಯಿ ತಪ್ಪಿರಬೇಕೆಂದು ಸುಮ್ಮನೆ ಬದಲಿಸಿದೆ. ಮರುದಿನವೂ ಅದೇ ಆಯಿತು. ಒಲೆಯ ಮೇಲಿನ ಚಹಾದ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಚರ್ಮ ಸುಟ್ಟದ್ದೂ ತಿಳಿಯದೆ ಮಾತಾಡುತ್ತ ನಿಂತಿದ್ದನ್ನು ನೋಡಿದಾಗ ನನಗೆ ಗೊತ್ತಾಯಿತು. ಬೆರಳುಗಳು ಜೀವ ಬಿಡುತ್ತಿದ್ದವು.

ಹೇಳಬೇಕಿತ್ತು, ಹೇಳಲಿಲ್ಲ. ಆ ಎರಡು ಬೆರಳನ್ನು ನಂಬಿ ಹನ್ನೆರಡು ಮನೆಯ ಒಲೆ ಉರಿಯುತ್ತಿತ್ತು. ಹೇಳಿದರೆ ಆಕೆ ಕುಸಿದುಹೋಗುತ್ತಾಳೆಂಬ ಭಯ ಬೇರೆ. ದಿನಾ ಆಕೆ ಅತ್ತ ತಿರುಗಿದ ಕೂಡಲೇ ಮೊಗ್ಗುಗಳನ್ನು ಕಣ್ಣಳತೆಯಲ್ಲಿ ಆರಿಸಿ ಬುಟ್ಟಿ ಬದಲಿಸುತ್ತಿದ್ದೆ. ಹೇಗೋ ಸಾಗುತ್ತಿತ್ತು. ಬುಟ್ಟಿಗಳ ಮೇಲೆ ದೂರು ಬರದಿದ್ದುದರಿಂದ ಆಕೆಯ ಧೈರ್ಯವೂ ಹೆಚ್ಚಿತು.

ವೈಶಾಖದಲ್ಲಿ ಹರಪನಹಳ್ಳಿಯ ಹಳೆಯ ಗಿರಾಕಿಯೊಬ್ಬರ ಮನೆಯಲ್ಲಿ ದೊಡ್ಡ ಮದುವೆ. ಅದೇ ಹೊತ್ತಿಗೆ ಅವ್ವನಿಗೆ ಹುಷಾರಿಲ್ಲವೆಂದು ನಾನು ಕೊಟ್ಟೂರಿಗೆ ಹೋದೆ. ಎರಡು ದಿನ ಬಿಟ್ಟು ಬಂದು ನೋಡಿದರೆ ಪಡಸಾಲೆಯಲ್ಲಿ ಆಕೆ ಒಬ್ಬಳೇ ಕೂತಿದ್ದಳು. ಮದುವೆಗೆ ಕಳಿಸಿದ ಹೂವೆಲ್ಲ ಹಾದಿಯಲ್ಲೇ ಅರಳಿ, ಬಿಸಿಲಿಗೆ ಕಂದಿ, ಮುಹೂರ್ತಕ್ಕೆ ಕಸವಾಗಿ ಇಳಿದಿತ್ತು.

"ಎಂದಿನಿಂದ ಗೊತ್ತಿತ್ತು ನಿನಗ?"

"ಶಿವರಾತ್ರಿಯಿಂದ್ರಿ ಅಕ್ಕಾ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬೆರಳು ಜುಮ್ಮ ಅಂತಿದ್ವು. ಬುಟ್ಟಿ ಸರಿ ಹೋಗಾಕತ್ಯಾವಲ್ಲ ಅಂತ ಸುಮ್ನಿದ್ದೆ. ಆಗ ಬೆರಳಾಗ ಇನ್ನೂ ಒಂದಿಷ್ಟು ಜೀವ ಇತ್ತಲೇ. ಹೇಳಿದ್ರ ನಿನ್ನ ಕೈಗೆ ಕಲಿಸ್ತಿದ್ದೆ."

ಆಮೇಲೆ ಒಂದೊಂದೇ ಊರು ಕೈಬಿಟ್ಟಿತು. ಕಟ್ಟುವ ಹೆಂಗಸರು ಕೂಲಿಗೆ ಹೋದರು. ಬುಟ್ಟಿ ನಾನು ಕಳಿಸಿ ನೋಡಿದೆ. ಆಕೆಯ ಬೆರಳು ಒಂದಿಷ್ಟಾದರೂ ಆರಿಸಿಕೊಡುತ್ತಿದ್ದಾಗ ಸಾಕಾಗಿದ್ದ ನನ್ನ ಕಣ್ಣಳತೆ ಈಗ ಸಾಲಲಿಲ್ಲ; ಅರ್ಧ ಬುಟ್ಟಿ ಸರಿ ಹೋದರೆ ಅರ್ಧ ಹಾಳು. ಒಂದು ವರ್ಷಕ್ಕೆ ಎಲ್ಲ ಮುಗಿಯಿತು.

ಕೊನೆಯ ಸಲ ಹೋದಾಗ ಆಕೆಯ ಕಣ್ಣುಗಳೂ ಪೂರ್ತಿ ಹೋಗಿದ್ದವು. ಹಿತ್ತಲಿನಿಂದ ಒಂದು ಮೊಗ್ಗು ತರಿಸಿ ನನ್ನ ಬೆರಳುಗಳ ನಡುವೆ ಇಟ್ಟಳು. "ಕಾದು ಕಾದು ಕಲಿಯಾಕ ನನಗ ಹತ್ತು ವರ್ಷ ಹಿಡೀತು. ನೀನೂ ಕಾಯಿ. ಹೇಳು, ಎಷ್ಟಕ್ಕ ಬಿರೀತೈತಿ?"

"ಆರಕ್ಕ ಅನಸ್ತೈತ್ರಿ."

ಇಬ್ಬರೂ ಕಟ್ಟೆಯ ಮೇಲೆ ಕೂತೆವು. ನಾಲ್ಕು ಹೊಡೆಯುವುದರೊಳಗೆ ಮೊಗ್ಗು ನನ್ನ ಅಂಗೈಯಲ್ಲಿ ಪೂರಾ ಅರಳಿಬಿಟ್ಟಿತು.

"ಬಿರೀತೇನು?" ಎಂದು ಕೇಳಿದಳು.

"ಇನ್ನೂ ಇಲ್ರಿ ಅಕ್ಕಾ" ಅಂದೆ.

ಆಕೆ ಮುಖ ಆ ಕಡೆ ತಿರುಗಿಸಿದಳು.

"ವಾಸನಿ ಬರಾಕತ್ತೈತಿ ಗಂಗಿ."