ಹಿಂದಿನ ಬೆಂಚಿನ ಸಂದರ್ಶನ

ನಮ್ಮ ಪ್ರಿನ್ಸಿಪಾಲರ ಎರಡೂ ಕಿವಿಗಳ ಮೇಲೆ ಬಿಳಿಕೂದಲು ಪೊದೆಯಾಗಿ ಬೆಳೆದಿತ್ತು. ಯೋಚನೆಗೆ ಬಿದ್ದರೆ ಅದನ್ನೇ ಎಳೆಯುತ್ತ ಕೂರುತ್ತಿದ್ದರು. ತೂಬಗೆರೆ ಕಡೆಯ ಒಕ್ಕಲುತನದ ಮನೆಯವರು. ಎಂಬತ್ತರ ದಶಕದ ಕೊನೆಯಲ್ಲಿ, ದೊಡ್ಡಬಳ್ಳಾಪುರದ ಖಾಸಗಿ ಕಾಲೇಜೊಂದಕ್ಕೆ ಅರ್ಥಶಾಸ್ತ್ರದ ಅಧ್ಯಾಪಕಿ ಕೆಲಸ ಕೇಳಿಕೊಂಡು ಹೋದಾಗ ಅವರನ್ನು ಮೊದಲು ಕಂಡೆ.

ಕೂತೊಡನೆ ಆಡಳಿತ ಮಂಡಳಿಯ ಕಾರ್ಯದರ್ಶಿಗಳು, “ಯಾರ ಪೈಕಿಯಮ್ಮಾ ನೀನು?” ಎಂದರು. ಜಾತಿಯನ್ನು ಮರ್ಯಾದೆಯಾಗಿ ಕೇಳುವ ಪರಿ ಅದು. ಪ್ರಿನ್ಸಿಪಾಲರು ಕಿವಿಕೂದಲು ಎಳೆದುಕೊಂಡು, “ಅದು ಸಿಲಬಸ್‌ನಲ್ಲಿಲ್ಲ ಸ್ವಾಮಿ. ಪಾಠದ್ದು ಕೇಳಿ” ಎಂದರು.

ಆದರೇನು, ನಾನು ಬಾಯಿ ಬಿಟ್ಟೊಡನೆ ಮಗ್ಗದವರ ಮಗಳೆಂಬುದು ತಾನಾಗಿ ಬಯಲಾಯಿತು. ಮಗ್ಗದ ಮನೆಯ ಸದ್ದಿನಲ್ಲಿ ಮೆಲ್ಲಗೆ ಮಾತಾಡಿದರೆ ಪಕ್ಕದಲ್ಲಿರುವ ಅಮ್ಮನಿಗೂ ಕೇಳುವುದಿಲ್ಲ. ಆ ಪುಟ್ಟ ಕೋಣೆಯಲ್ಲಿ ಬೇಡಿಕೆ, ಪೂರೈಕೆಗಳನ್ನು ಕೂಗಿ ಹೇಳಿಬಿಟ್ಟೆ. ಮಂಡಳಿಯವರಲ್ಲೊಬ್ಬರು ಕಿಸಕ್ಕನೆ ನಕ್ಕರು.

“ಹೆಣ್ಣುಮಗಳಿಗೆ ಇಂಥಾ ಗಂಟಲಾ? ಕಾಲೇಜಿಗೆ ಒಪ್ಪಲ್ಲ ಬಿಡಿ” ಎಂದರು ಕಾರ್ಯದರ್ಶಿಗಳು. ಅವರ ಭಾವಮೈದುನನೂ ಅದೇ ಕೆಲಸಕ್ಕೆ ಬಂದಿದ್ದ. ನನಗೆ ಅಳು ಒತ್ತರಿಸಿ ಬಂತು. ಎಂ.ಎ. ಓದಿ ಮತ್ತೆ ಅಪ್ಪನ ಮಗ್ಗದ ಮುಂದೆ ನಿಲ್ಲುವುದೇ ಗತಿ ಅಂದುಕೊಂಡೆ.

ಪ್ರಿನ್ಸಿಪಾಲರು ಎದ್ದರು. “ಪಾಠ ನಡೆಯೋದು ಈ ರೂಮಲ್ಲಲ್ಲವಲ್ಲ. ಬಂದೋರೆಲ್ಲ ಬಿ.ಎ. ಕ್ಲಾಸಿಗೆ ಒಂದೇ ಪಾಠ ಮಾಡ್ಲಿ. ನಾವು ಹಿಂದಿನ ಬೆಂಚಲ್ಲಿ ಕೂತು ಕೇಳೋಣ, ಬನ್ನಿ.”

ಆ ತರಗತಿಯ ಗೋಡೆಗೆ ತಾಗಿಕೊಂಡೇ ಪವರ್‌ಲೂಮ್‌ಗಳು. ಭಾವಮೈದುನ ಚೆನ್ನಾಗಿ ಓದಿಕೊಂಡವನೇ, ಆದರೆ ಅವನ ತುಟಿ ಅಲ್ಲಾಡಿದ್ದಷ್ಟೇ ಹಿಂದಿನವರಿಗೆ ಕಂಡಿತು. ನನಗೋ ಮನೆಗೆ ಬಂದ ಹಾಗಾಯಿತು. ಹುಡುಗರು ಪ್ರಶ್ನೆ ಕೇಳತೊಡಗಿದರು, ಭಯ ಮರೆತೆ. ಕೆಲಸ ಸಿಕ್ಕಿತು.

ಆ ವರ್ಷದ ಉಳಿದ ನೇಮಕಗಳನ್ನೂ ಪ್ರಿನ್ಸಿಪಾಲರು ಹಾಗೆಯೇ ಮಾಡಿದರು. ನಮ್ಮ ಸ್ಟಾಫ್ ರೂಮಿಗೆ ಮೊದಲ ಸಲ ದಲಿತ ಕೇರಿಯಿಂದ ಮೇಷ್ಟ್ರೊಬ್ಬರು ಬಂದರು. ಮುಂದಿನ ವರ್ಷ ಪ್ರಿನ್ಸಿಪಾಲರನ್ನು ಮುಂದುವರಿಸಲು ಮಂಡಳಿ ಒಪ್ಪಲಿಲ್ಲ. ಕಾರಣ ಊರಿಗೇ ಗೊತ್ತಿತ್ತು.

ತಡೆಯಲಾರದೆ ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ನನ್ನಿಂದ ನಿಮ್ಮ ಕೆಲಸ ಹೋಯ್ತಲ್ಲ ಸರ್.”

“ನಂದು ಹೆಂಗೂ ಮುಗೀತಾ ಬಂದಿತ್ತು ಕಣಮ್ಮ. ನಿಂದು ಶುರುವಾಗ್ಬೇಕಿತ್ತು” ಎಂದು ಒಂದು ಹಿಡಿ ಕಾಯಿ ನನ್ನ ಮುಂದೆ ಸರಿಸಿದರು.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡಾಗ ಕಾಲೇಜು ರಜೆ ಕೊಡಲಿಲ್ಲ. ನಾನು ಪಾಠ ನಿಲ್ಲಿಸಿ, ಹುಡುಗರನ್ನು ಕರೆದುಕೊಂಡು ಮಣ್ಣಿಗೆ ಹೋದೆ. ಕಾರ್ಯದರ್ಶಿಗಳು ಕಾರಣ ಕೇಳಿ ನೋಟಿಸ್ ಕೊಟ್ಟರು. ನನ್ನ ಅನ್ನಕ್ಕೆ ದಾರಿ ಮಾಡಿದವರು ಹೋದರು ಎಂದು ಬರೆದುಕೊಟ್ಟೆ.