ಚಿಮ್ಮನಚೋಡಕ್ಕೆ ಒಂದು ಚೀಲ ಮಣ್ಣು

ಭಾನುವಾರ ಬೆಳಿಗ್ಗೆ ಶಹಾಬಾದದಲ್ಲಿ ವಾಡಿಯ ಗಾಡಿ ಹತ್ತಿದಾಗ ನನ್ನ ಹೆಗಲ ಮೇಲೆ ಒಂದು ಚೀಲ ಮಣ್ಣಿತ್ತು. ಟಾಂಗಾ ಹೊಡೆಯುವ ಮೆಹಬೂಬಸಾಬರು ತಮ್ಮ ಕುದುರೆಗೆಂದು ಎಷ್ಟೋ ವರ್ಷದಿಂದ ಕುದುರೆ ಮಸಾಲೆ ಎಂಬ ಹಸಿಮೇವು ಬೆಳೆಯುವ ತುಂಡು ಹೊಲದ ಮಣ್ಣು ಅದು. "ಮಾಸ್ತರ್, ಮಂದಿ ತಂಗಿ ಮನಿಗಿ ಸೀರಿ ಒಯ್ತಾರ, ನೀವು ಮಣ್ಣು ಒಯ್ಯಾಕತ್ತೀರಿ" ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಆದರೆ ಮಂಗಳವಾರದೊಳಗೆ ಆ ಮಣ್ಣು ತಂಗಿಯ ಹೊಲ ಮುಟ್ಟಲೇಬೇಕಿತ್ತು.

ಕಾರಣ, ಚಿಂಚೋಳಿ ತಾಲೂಕಿನ ಚಿಮ್ಮನಚೋಡದಿಂದ ತಂಗಿಯ ಗಂಡ ಶಿವಶರಣಪ್ಪ ಬರೆದಿದ್ದ ಕಾಗದ. ದೀಪಾವಳಿಯ ಹೊತ್ತಿಗೆ ನಾನೇ ಮೆಹಬೂಬಸಾಬರ ಹೊಲದ ಬೀಜ ಕಳಿಸಿ, ಬಿತ್ತುವುದು ಹೇಗೆಂದು ಎರಡು ಪುಟ ಉಪದೇಶವನ್ನೂ ಬರೆದಿದ್ದೆ. ಅವರಿಗೆ ಬಾವಿಯ ನೀರಿದೆ, ಎಮ್ಮೆಗಳಿಗೆ ವರ್ಷವಿಡೀ ಹಸಿರು ಮೇವು ಸಿಕ್ಕೀತೆಂಬ ಆಸೆ. ಬಿತ್ತಿದವಳು ತಂಗಿ ನೀಲಮ್ಮ. ಪೈರು ಎದ್ದಿತು, ಆದರೆ ಅರಿಷಿಣ ಬಳಿದಂತೆ ಹಳದಿಯಾಗಿ ಕುಗ್ಗಿ ನಿಂತಿತು. ಸೊಸೆಯ ಕೈಗುಣವೇ ಕೆಟ್ಟದ್ದು, ಇನ್ನು ಮೇಲೆ ಈಕೆ ಬೀಜ ಮುಟ್ಟಕೂಡದು ಎಂದು ಅತ್ತೆ ಹೇಳಿಬಿಟ್ಟಿದ್ದರಂತೆ. ಸೋಮವಾರ ಬಸವಣ್ಣನಿಗೆ ಬಿಡುವು, ಎತ್ತು ಹೂಡುವಂತಿಲ್ಲ. ಮಂಗಳವಾರ ನೇಗಿಲು ಹೊಡೆದು ಎಲ್ಲ ಕಿತ್ತುಹಾಕುತ್ತೇವೆ ಎಂದು ಕಾಗದ ಮುಗಿದಿತ್ತು.

ಅಂದೇ ಶಾಲೆಯ ಕಪಾಟಿನ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ ಓದಿದೆ. ಕಾರಣ ಸಿಕ್ಕಾಗ ಕುಣಿಯುವುದೊಂದು ಬಾಕಿ. ಮದ್ದು ಮೆಹಬೂಬಸಾಬರ ಹೊಲದಲ್ಲೇ ಇತ್ತು!

ವಾಡಿಯಲ್ಲಿ ಗಾಡಿ ಬದಲಿಸಬೇಕು. ಅಲ್ಲಿ ಸುಂಕದ ಜವಾನನೊಬ್ಬ ನನ್ನನ್ನು ತಡೆದ.

"ಇದರಾಗ ಯಾನ್ ಅದಾರಿ?"

"ಮಣ್ಣು."

"ಮಣ್ಣು ಯಾರರ ರೈಲಿನಾಗ ಒಯ್ತಾರೇನ್ರಿ? ಬಿಚ್ಚರಿ ಚೀಲ."

ಮೊಣಕೈವರೆಗೆ ಕೈ ಹಾಕಿ ತಡಕಾಡಿದ, ಮೂಸಿದ. ಬಂಗಾರವೂ ಇಲ್ಲ, ಅಫೀಮೂ ಇಲ್ಲ. "ಖರೇನೇ ಮಣ್ಣು!" ಎಂದು ನನ್ನ ಮುಖವನ್ನು ಕನಿಕರದಿಂದ ನೋಡಿ ಬಿಟ್ಟುಬಿಟ್ಟ.

ಚಿತ್ತಾಪುರದಲ್ಲಿ ಒಬ್ಬ ಮುದುಕರು ಹಸಿ ಕಡಲೆ ಗಿಡಗಳ ಹೊರೆಯೊಂದಿಗೆ ಹತ್ತಿ ನನ್ನ ಪಕ್ಕದಲ್ಲಿ ಕುಳಿತರು. ಬೇರುಸಹಿತ ಕಿತ್ತ ಗಿಡಗಳು. ನನಗೆ ಸುಮ್ಮನಿರಲಾಗಲಿಲ್ಲ. ಒಂದು ಬೇರಿನಿಂದ ಸಣ್ಣ ಗಂಟೊಂದನ್ನು ಬಿಡಿಸಿ ಅವರ ಅಂಗೈಗಿಟ್ಟು ಪಾಠ ಶುರುಮಾಡಿದೆ. ಎಲೆಯ ಹಸಿರಿಗೆ, ಕಾಳಿನ ಕಸುವಿಗೆ ಸಾರಜನಕ ಬೇಕು. ಗಾಳಿಯಲ್ಲಿ ಐದು ಪಾಲಿಗೆ ನಾಲ್ಕು ಪಾಲು ಅದೇ ಇದೆ, ಆದರೆ ಯಾವ ಗಿಡಕ್ಕೂ ಅದನ್ನು ನೇರವಾಗಿ ಉಣ್ಣಲು ಬಾರದು. ಜೋಳವಾದರೆ ಗೊಬ್ಬರ ಕೊಳೆತು ಮಣ್ಣಿಗಿಳಿದದ್ದನ್ನು ಬೇರಿನಿಂದ ಹೀರಿಕೊಳ್ಳುತ್ತದೆ. ಕಡಲೆ, ತೊಗರಿ, ಕುದುರೆ ಮಸಾಲೆಗಳ ದಾರಿ ಬೇರೆ. ಅವುಗಳ ಬೇರಿನ ಗಂಟಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿದ್ದು, ಗಾಳಿಯ ಸಾರಜನಕವನ್ನು ಗಿಡ ಉಣ್ಣುವ ಹಾಗೆ ಮಾಡಿಕೊಡುತ್ತವೆ. ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ.

"ಅಂದ್ರ ಬಾಡಿಗಿ ಕೊಟ್ಟು ಇರೋ ಮಂದಿ ಅನ್ರಿ" ಎಂದರು ಮುದುಕರು. ಗಂಟನ್ನು ಬೆಳಕಿಗೆ ಹಿಡಿದು ನೋಡಿ, "ಹಂಗಾದ್ರ ನನ್ನ ಕಡ್ಲಿ ಬೇರೇ ಒಯ್ದು ಹಾಕ್ರಿ. ಮಣ್ಣು ಯಾಕ ಹೊರ್ತೀರಿ?" ಎಂದು ಕೇಳಿದರು.

ಎಂಥ ಪ್ರಶ್ನೆ! ನನ್ನ ಏಳನೆಯ ಇಯತ್ತೆಯ ಹುಡುಗರು ಒಬ್ಬರೂ ಇದನ್ನು ಕೇಳಿರಲಿಲ್ಲ. ಕಡಲೆಯ ಜೀವಿ ಕಡಲೆಗೇ ಸೈ, ಕುದುರೆ ಮಸಾಲೆಗೆ ತನ್ನದೇ ಜಾತಿಯದು ಬೇಕು, ಅದು ಹಳೆಯ ಹೊಲದ ಮಣ್ಣಿನಲ್ಲಿರುತ್ತದೆ ಎಂದೆ. ಸೇಡಂ ಬರುವವರೆಗೆ ಇಬ್ಬರೂ ಆ ಕಡಲೆ ಸುಲಿದು ತಿಂದೆವು.

ಸೇಡಂನಲ್ಲಿ ಪರಿಚಯದವರ ಮನೆಯಲ್ಲಿ ಬಿಸಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ ಉಂಡು ಮಲಗಿದೆ. ಸೋಮವಾರ ಕೊರೆಯುವ ಚಳಿಯಲ್ಲಿ ಚಿಂಚೋಳಿಯ ಮೋಟಾರು ಹಿಡಿದೆ. ಚೀಲಕ್ಕೂ ಅರ್ಧ ಟಿಕೀಟು ತೆಗೆಸಿದರು. ಚಿಂಚೋಳಿಯಲ್ಲಿ ಇಳಿದ ಮೇಲೆ ಗೊತ್ತಾಯಿತು, ಎತ್ತಿನ ಬಿಡುವು ನನಗೂ ಅಡ್ಡ ಬಂದಿದೆ ಎಂದು. ಒಂದು ಬಂಡಿಯೂ ಹೊರಡುವಂತಿರಲಿಲ್ಲ. ಬಾಡಿಗೆ ಸೈಕಲ್ಲಿಗೆ ಚೀಲ ಕಟ್ಟಿ ತುಳಿದೆ, ಏರಿನಲ್ಲಿ ನೂಕಿದೆ. ಊರು ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು.

ನೀರು ಕುಡಿದವನೇ ಎಲ್ಲರನ್ನೂ ಹೊಲಕ್ಕೆ ಎಳೆದುಕೊಂಡು ಹೋದೆ. ಒಂದು ಹಳದಿ ಗಿಡ ಅಗೆದು ಬೇರು ತೊಳೆದು ನೋಡಿದೆ. "ಗಂಟಿಲ್ಲ! ಒಂದೂ ಇಲ್ಲ!" ಎಂದು ಕೂಗಿದೆ. ಅತ್ತೆಯವರು, ಈತನಿಗೆ ಬಿಸಿಲು ತಾಗಿದೆಯೇನೋ ಎಂಬಂತೆ ಮಗನ ಮುಖ ನೋಡಿದರು.

ನೀಲಮ್ಮ ತಲೆ ಎತ್ತದೆ ಹೇಳಿದಳು: "ಅಣ್ಣಾ, ಬಾವಿ ಮೂಲ್ಯಾಗ ಒಂದಿಷ್ಟು ಛಂದ ಬಂದದ."

ಓಡಿದೆ. ಒಂದು ಚಾಪೆಯಗಲ ಜಾಗದಲ್ಲಿ ಕಡುಹಸಿರು ಪೈರು! ಖುರಪಿಯಿಂದ ಅಗೆದರೆ ಬೇರಿನ ತುಂಬ ಗಂಟು, ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು, ಜೀವಿ ಕೆಲಸ ಮಾಡುತ್ತಿರುವ ಗುರುತು. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು.

"ಇಲ್ಲಿ ಬಿತ್ತಿದವರು ಯಾರು?"

"ನಾನೇ."

"ಇಲ್ಲಿ ಬ್ಯಾರೆ ಯಾನ್ ಮಾಡಿದಿ?"

"ಯಾನಿಲ್ಲ. ಕಡೀಕ ಬೀಜದ ಚೀಲ ಝಾಡಿಸಿದ್ದೆ. ತಳದಾಗ ಉಳಿದ ಧೂಳು, ನಾಕು ಕಾಳು ಇಲ್ಲಿ ಬಿದ್ದವು. ಉಳಿದ ಬೀಜ ಎಲ್ಲ ಮೂರು ನೀರಾಗ ತೊಳೆದಿದ್ದೆ. ನೀನೇ ಬರ್ದಿದ್ದೆಲ್ಲಣ್ಣ, ಬೀಜದಾಗ ಧೂಳು ಇರಬಾರದು ಅಂತ."

ಆ ಧೂಳು ಮೆಹಬೂಬಸಾಬರ ಹೊಲದ್ದು. ಬೇಕಾದ ಜೀವಿ ಬೀಜಕ್ಕೆ ಅಂಟಿಕೊಂಡು ತಾನಾಗಿಯೇ ಬಂದಿತ್ತು, ತೊಳೆದು ಚೆಲ್ಲಿಸಿದವನು ನಾನು. ಎರಡು ಪುಟದ ಆ ಉಪದೇಶ ನೆನೆದು ನಾಚಿಕೆಯಿಂದ ಕುಗ್ಗಿಹೋದೆ. ಸುಮ್ಮನಿದ್ದಿದ್ದರೆ ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಎರಡು ತಿಂಗಳು ಮಾತು ಕೇಳಿಸಿಕೊಂಡವಳು ಎದುರಿಗೇ ನಿಂತಿದ್ದಳು.

"ಯವ್ವಾ, ತಪ್ಪು ನಂದದರಿ. ನೀಲಾ ನಾ ಹೇಳಿದಂಗ ಮಾಡ್ಯಾಳ" ಎಂದು ಅತ್ತೆಯವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಈ ಮಣ್ಣು ಚೆಲ್ಲಿ ನೀರು ಹಾಯಿಸಿ, ಮೂರು ನಾಲ್ಕು ವಾರ ತಾಳಬೇಕು ಎಂದೆ. ಅವರು ಹಸಿರು ಗಿಡದ ಬೇರನ್ನು ಬಹಳ ಹೊತ್ತು ಬೆರಳಿನಲ್ಲಿ ತಿರುಗಿಸಿ ನೋಡಿದರು.

ಮಂಗಳವಾರ ಬೆಳಿಗ್ಗೆ ನೇಗಿಲು ಹೊರಗೆ ಬರಲಿಲ್ಲ. ನಾನು ಸೈಕಲ್ ಹಿಡಿದು ಹೊಲದ ಬದುವಿಗೆ ಬಂದಾಗ ಅತ್ತೆ ತಾವೇ ಚೀಲ ಬಿಚ್ಚಿ, ಬೊಗಸೆ ಬೊಗಸೆಯಾಗಿ ಮಣ್ಣನ್ನು ಸೊಸೆಯ ಉಡಿಗೆ ತುಂಬುತ್ತಿದ್ದರು. "ಹೂಂ, ನೀನೇ ಚೆಲ್ಲವ್ವ" ಎಂದರು. ಹೊರಡುವ ಮೊದಲು ಒಂದು ಹಿಡಿ ನಾನೂ ಚೆಲ್ಲೋಣವೆಂದು ಚೀಲಕ್ಕೆ ಕೈ ಹಾಕಿದೆ. ಅತ್ತೆಯವರು ನನ್ನ ಮಣಿಕಟ್ಟು ಹಿಡಿದರು.

"ನೀವು ಮುಟ್ಟಬ್ಯಾಡ್ರಿ ಮಾಸ್ತರ. ನಿಮ್ಮ ಕೈಗುಣ ಛಲೋ ಇಲ್ಲ."

ಚಿಂಚೋಳಿಯ ದಾರಿಗೆ ಬಂದ ಮೇಲೂ ಹಿಂದಿನಿಂದ ನೀಲಮ್ಮನ ನಗು ಕೇಳಿಸುತ್ತಿತ್ತು.